ಮುಂದಿನ ರೋಲ್ ನಂಬರ್ ನಿಮ್ಮದು

(ಕಾಲೇಜು ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಕ್ಲಾಸಿನಲ್ಲಿ ಸೆಮಿನಾರ್ ನಡೆಯುತ್ತಿದೆ. ನಿಮಗಿಂತ ಹಿಂದಿನ ರೋಲ್ ನಂಬರಿನವರು ಮಾತಾಡುತ್ತಿದ್ದಾರೆ. ಅವರು ಏನು ಹೇಳಿದರು ಅಂತ ಆಮೇಲೆ ಕೇಳಿದರೆ ನಿಮಗೆ ಏನೂ ನೆನಪಿರುವುದಿಲ್ಲ. ಅಷ್ಟು ಹೊತ್ತೂ ನಿಮಗೆ ಕೇಳಿಸಿದ್ದು ನಿಮ್ಮದೇ ಎದೆಬಡಿತ.

ಇಲ್ಲಿರುವ ಬಹಳ ಜನಕ್ಕೆ ಈ ಅನುಭವ ಆಗಿದೆ, ಅಲ್ವಾ? 1973ರಲ್ಲಿ ಮಾಲ್ಕಮ್ ಬ್ರೆನರ್ ಎಂಬ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಜನರನ್ನು ಒಟ್ಟಿಗೆ ಕೂರಿಸಿ, ಸರದಿಯ ಮೇಲೆ ಒಬ್ಬೊಬ್ಬರೂ ಒಂದೊಂದು ಪದ ಗಟ್ಟಿಯಾಗಿ ಓದಬೇಕು ಅಂದರು. ಆಮೇಲೆ ಯಾವ ಯಾವ ಪದ ನೆನಪಿದೆ ಅಂತ ಕೇಳಿದರು. ತಮ್ಮ ಸರದಿಗೆ ಸ್ವಲ್ಪ ಮುಂಚೆ ಬೇರೆಯವರು ಓದಿದ ಪದಗಳು ಜನರಿಗೆ ಅಷ್ಟಾಗಿ ನೆನಪಿರಲಿಲ್ಲ. ಅಲ್ಲಿ ಭಾಷಣ ಇರಲಿಲ್ಲ, ಮಾರ್ಕ್ಸ್ ಇರಲಿಲ್ಲ. ಒಂದು ಪದ ಓದುವುದಷ್ಟೇ. ಅಷ್ಟಕ್ಕೇ ಮನಸ್ಸು ತನ್ನ ಕಡೆಗೆ ತಿರುಗಿಬಿಡುತ್ತದೆ.

ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದಿರುವುದು ಒಂದೇ ಸಂಗತಿ. ಹೆದರಿಕೆ ಹೋದಮೇಲೆ ಮಾತಾಡುತ್ತೇನೆ ಅಂತ ಕಾಯಬೇಡಿ. ಹೆದರಿಕೆ ಇದ್ದಾಗಲೂ ಬಾಯಿ ತನ್ನ ಕೆಲಸ ಮಾಡಿಕೊಂಡು ಹೋಗಬೇಕು. ಅದಕ್ಕೆ ಬಾಯಿಯನ್ನು ಮೊದಲೇ ಪಳಗಿಸಬೇಕು. ಅಭ್ಯಾಸ ಕಣ್ಣಿಗೆ ಆದರೆ ಸಾಲದು, ಬಾಯಿಗೆ ಆಗಬೇಕು.

ಮೊದಲು ಮೈಯಲ್ಲಿ ಏನಾಗುತ್ತದೆ ಅಂತ ನೋಡೋಣ. ಹೆಸರು ಕರೆದ ಕೂಡಲೇ ಎದೆ ಡವಡವ ಅನ್ನುತ್ತದೆ. ಅಂಗೈ ಬೆವರುತ್ತದೆ. ನಾಲಿಗೆ ಒಣಗುತ್ತದೆ. ಹೊಟ್ಟೆ ತೊಳಸಿದ ಹಾಗಾಗುತ್ತದೆ. ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞರು 1915ರಲ್ಲೇ ಇದನ್ನು ವಿವರಿಸಿದ್ದಾರೆ. ಅಪಾಯ ಎದುರಾದಾಗ ಹೋರಾಡಲು ಇಲ್ಲವೇ ಓಡಿಹೋಗಲು ದೇಹ ತಯಾರಾಗುವ ರೀತಿ ಇದು. ಮೂತ್ರಪಿಂಡಗಳ ಮೇಲ್ಭಾಗದಲ್ಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಹೃದಯ ಜೋರಾಗಿ ಬಡಿದು ಕೈಕಾಲಿನ ಸ್ನಾಯುಗಳಿಗೆ ರಕ್ತ ನೂಕುತ್ತದೆ. ಓಡಬೇಕಾದ ಹೊತ್ತಿನಲ್ಲಿ ಊಟ ಅರಗಿಸುವುದು ತುರ್ತಿನ ಕೆಲಸ ಅಲ್ಲ. ಹಾಗಾಗಿ ಹೊಟ್ಟೆಯ ಕೆಲಸ ನಿಧಾನವಾಗುತ್ತದೆ, ಬಾಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ. ನಾಲಿಗೆ ಒಣಗುವುದು ಅದಕ್ಕೇ. ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ, ಗಂಟಲಿನ ಸ್ನಾಯು ಬಿಗಿಯುತ್ತದೆ. ದನಿ ನಡುಗುವುದು ಅದಕ್ಕೇ.

ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ವಿದ್ಯಾರ್ಥಿಗಳು ಈ ಲಕ್ಷಣಗಳಿಗೆ ತಪ್ಪು ಅರ್ಥ ಕೊಡುತ್ತಾರೆ. ‘ಕೈ ನಡುಗುತ್ತಿದೆ, ಅಂದರೆ ನನಗೆ ವಿಷಯ ಗೊತ್ತಿಲ್ಲ. ಗಂಟಲು ಕಟ್ಟಿತು, ಅಂದರೆ ಇದು ನನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ.’ ಹಾಗೇನೂ ಇಲ್ಲ. ಚೆನ್ನಾಗಿ ಓದಿಕೊಂಡು ಬಂದವರ ಕೈಯೂ ನಡುಗುತ್ತದೆ. 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಸಂಶೋಧಕರು, ಪ್ರಯೋಗಾಲಯದಲ್ಲಿ ಆರೋಗ್ಯವಂತರಿಗೆ ಒತ್ತಡ ಹುಟ್ಟಿಸುವ ಒಂದು ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ಸದ್ದು ಇಲ್ಲ, ಶಾಕ್ ಇಲ್ಲ. ಇರುವುದು ಒಂದು ಸಮಿತಿಯ ಮುಂದೆ ಐದು ನಿಮಿಷದ ಭಾಷಣ ಮತ್ತು ಬಾಯಿಲೆಕ್ಕ. ಸಮಿತಿಯವರು ನಗಬಾರದು, ತಲೆ ಆಡಿಸಬಾರದು, ಸುಮ್ನೆ ನೋಡುತ್ತಿರಬೇಕು. ಒತ್ತಡದ ಸಂಶೋಧನೆಯಲ್ಲಿ ಇವತ್ತಿಗೂ ಈ ವಿಧಾನ ಬಳಕೆಯಲ್ಲಿದೆ. ಜಗತ್ತಿನ ವಿಜ್ಞಾನಿಗಳು ಒತ್ತಡ ಬೇಕಾದಾಗ ಆರಿಸಿಕೊಳ್ಳುವ ಕೆಲಸವನ್ನೇ ನೀವು ಸೋಮವಾರ ಬೆಳಿಗ್ಗೆ ಕ್ಲಾಸಿನಲ್ಲಿ ಮಾಡುತ್ತಿದ್ದೀರಿ. ಹೆದರಿಕೆ ಆಗುವುದು ಸಹಜ.

ಹೆದರಿದವರಿಗೆ ಎಲ್ಲರೂ ಕೊಡುವ ಸಲಹೆ ‘ಸಮಾಧಾನ ಮಾಡ್ಕೋ’ ಅಂತ. ಅಷ್ಟು ಜೋರಾಗಿ ಬಡಿಯುತ್ತಿರುವ ಎದೆಯನ್ನು ಮಾತಿನಿಂದ ಸುಮ್ಮನಾಗಿಸುವುದು ಕಷ್ಟ. ಹಾರ್ವರ್ಡ್‌ನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಭಾಷಣಕ್ಕೆ ಮುಂಚೆ ಕೆಲವರು ‘ನಾನು ಶಾಂತವಾಗಿದ್ದೇನೆ’ ಅಂತ ಹೇಳಿಕೊಂಡರು. ಇನ್ನು ಕೆಲವರು ‘ನನಗೆ ಹುರುಪು ಬಂದಿದೆ’ ಅಂತ ಹೇಳಿಕೊಂಡರು. ಹುರುಪು ಅಂದವರೇ ಹೆಚ್ಚು ಚೆನ್ನಾಗಿ ಮಾತಾಡಿದರು. ಕಾರಣ ಸರಳ. ಹುರುಪಿನಲ್ಲೂ ಎದೆ ಹೀಗೇ ಬಡಿಯುತ್ತದೆ. ಮೈ ಇರುವ ಸ್ಥಿತಿಯನ್ನು ಬದಲಾಯಿಸಬೇಕಾಗಿಲ್ಲ. ಅದನ್ನು ನೋಡುವ ರೀತಿ ಬದಲಾದರೆ ಸಾಕು.

ಇನ್ನೊಂದು ಸಂಗತಿ ನನ್ನ ಪ್ರಕಾರ ಇದಕ್ಕಿಂತ ದೊಡ್ಡದು. ನಿಮ್ಮ ಹೆದರಿಕೆ ನಿಮಗೆ ಕಾಣುವಷ್ಟು ಬೇರೆಯವರಿಗೆ ಕಾಣುವುದಿಲ್ಲ. ಕೊನೆಯ ಬೆಂಚಿನಲ್ಲಿ ಕೂತು ಸೆಮಿನಾರ್ ಕೇಳುವುದು ಎಷ್ಟೋ ವರ್ಷಗಳಿಂದ ನನ್ನ ಕೆಲಸ. ಮುಗಿಸಿ ಬಂದ ಹುಡುಗ ‘ಸರ್, ಕೈ ಎಷ್ಟು ನಡುಗ್ತಿತ್ತು ನೋಡಿದ್ರಲ್ಲ’ ಅಂತ ಕೇಳುತ್ತಾನೆ. ನಾನು ನೋಡಿರುವುದಿಲ್ಲ. ನನಗೆ ಕಂಡದ್ದು, ಅವನು ಎರಡನೆಯ ಗ್ರಾಫನ್ನು ವಿವರಿಸದೆ ಮುಂದೆ ಹೋದ ಅನ್ನುವುದು ಮಾತ್ರ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ ಎಂಬ ಮನೋವಿಜ್ಞಾನಿಗಳು 2003ರಲ್ಲಿ ಇದರ ಮೇಲೆ ಕೆಲಸ ಮಾಡಿದರು. ಭಾಷಣ ಮಾಡಿದವರು, ತಾವು ಎಷ್ಟು ಹೆದರಿದಂತೆ ಕಂಡೆವು ಅಂತ ಅಂದಾಜು ಮಾಡಿದರು. ಕೇಳಿದವರಿಗೆ ಕಂಡದ್ದು ಅದಕ್ಕಿಂತ ಕಡಿಮೆ. ಇನ್ನೂ ಒಳ್ಳೆಯ ಸಂಗತಿ ಮುಂದಿದೆ. ಭಾಷಣಕ್ಕೆ ಮುಂಚೆಯೇ ಕೆಲವರಿಗೆ ‘ನಿಮ್ಮ ಒಳಗಿನ ತಳಮಳ ಹೊರಗೆ ಅಷ್ಟಾಗಿ ಕಾಣುವುದಿಲ್ಲ’ ಅಂತ ತಿಳಿಸಿದ್ದರು. ಆ ಗುಂಪಿನವರ ಭಾಷಣ ಉಳಿದವರಿಗಿಂತ ಚೆನ್ನಾಗಿತ್ತು ಅಂತ ಕೇಳಿದವರೂ ಹೇಳಿದರು, ಮಾತಾಡಿದವರಿಗೂ ಅನಿಸಿತು. ಗೊತ್ತಾದದ್ದರಿಂದಲೇ ಅಷ್ಟು ಲಾಭ. ಅದಕ್ಕೇ ಇವತ್ತು ಈ ಮಾತನ್ನು ನಿಮ್ಮ ಕಿವಿಗೆ ಹಾಕಿಯೇ ಕಳಿಸಬೇಕು ಅಂತ ಬಂದೆ.

ಹಾಗಾಗಿ ದಯವಿಟ್ಟು ‘ನಾನು ತುಂಬಾ ನರ್ವಸ್ ಆಗಿದ್ದೇನೆ, ತಪ್ಪಾದರೆ ಕ್ಷಮಿಸಿ’ ಅಂತ ಶುರು ಮಾಡಬೇಡಿ. ಅಲ್ಲಿಯವರೆಗೆ ಯಾರೂ ಅದನ್ನು ಗಮನಿಸಿರುವುದಿಲ್ಲ. ನೀವು ಹೇಳಿದ ಮೇಲೆ ಎಲ್ಲರೂ ನಿಮ್ಮ ಕೈ ನೋಡಲು ಶುರು ಮಾಡುತ್ತಾರೆ.

ಈಗ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಹೆಸರು ಬೇಡ.

ಮೊದಲ ಸೆಮಿನಾರ್‌ನಲ್ಲಿ ಅವಳು ಪರದೆಯ ಕಡೆ ತಿರುಗಿ, ಸ್ಲೈಡಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿದಳು. ದನಿ ಇಳಿಯುತ್ತಾ ಹೋಯಿತು. ಕೊಟ್ಟ ಸಮಯದ ಅರ್ಧಕ್ಕೇ ಮುಗಿಸಿ, ‘ಥ್ಯಾಂಕ್ ಯು’ ಅಂದು ತಲೆ ತಗ್ಗಿಸಿ ಹೋಗಿ ಕೂತಳು. ಮುಂದಿನ ಸಲದ ಟಾಪಿಕ್ ರಕ್ತದ ಗುಂಪುಗಳು. ಸ್ಟಾಫ್ ರೂಮಿಗೆ ಬಂದು ಕೇಳಿದಳು: ‘ಸರ್, ಇದನ್ನ ಬರೆದು ಕೊಟ್ಟುಬಿಡಲಾ? ಎಷ್ಟು ಪುಟ ಬೇಕಾದರೂ ಬರೀತೀನಿ.’

‘ಹೋದ ಸಲ ತಯಾರಿ ಹೇಗೆ ಮಾಡಿದ್ದೆ?’ ಅಂತ ಕೇಳಿದೆ.

‘ರಾತ್ರಿಯೆಲ್ಲ ಓದಿದ್ದೆ ಸರ್.’

‘ಗಟ್ಟಿಯಾಗಿ ಎಷ್ಟು ಸಲ ಹೇಳಿಕೊಂಡೆ?’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಗಟ್ಟಿಯಾಗಿ ಇಲ್ಲ ಸರ್. ಮನಸ್ಸಿನಲ್ಲೇ.’

ನಾನು ಕಂಡ ಸೆಮಿನಾರ್‌ಗಳಲ್ಲಿ ಮುಗ್ಗರಿಸಿದವರ ಕಥೆ ಹೆಚ್ಚೂಕಡಿಮೆ ಇದೇ. ಓದಿರುತ್ತಾರೆ, ತುಂಬಾ ಓದಿರುತ್ತಾರೆ. ಆದರೆ ಆ ವಾಕ್ಯಗಳು ಮೊದಲ ಸಲ ಬಾಯಿಂದ ಹೊರಗೆ ಬರುವುದು ಇಡೀ ಕ್ಲಾಸಿನ ಮುಂದೆಯೇ. ಓದುವಾಗ ಎಲ್ಲ ಗೊತ್ತಿದೆ ಅನಿಸುತ್ತದೆ, ಯಾಕೆಂದರೆ ಉತ್ತರ ಕಣ್ಣೆದುರಿಗೇ ಇರುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಸಂಶೋಧಕರು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಹಾಳೆ ಮುಚ್ಚಿಟ್ಟು, ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿಟ್ಟು ನೆನಪಿಸಿಕೊಂಡವರು ಬಹಳ ಮುಂದಿದ್ದರು. ಸೆಮಿನಾರ್ ಅಂದರೆ ನೆನಪಿನಿಂದ ಹೊರಗೆ ತೆಗೆಯುವ ಕೆಲಸ. ಅದರ ಅಭ್ಯಾಸವೂ ಹೊರಗೆ ತೆಗೆಯುವುದೇ ಆಗಿರಬೇಕು.

ಆ ಹುಡುಗಿಗೆ ಹೇಳಿದೆ: ‘ಪುಸ್ತಕ ಮುಚ್ಚು. ನನಗೆ ಈ ವಿಷಯ ಏನೂ ಗೊತ್ತಿಲ್ಲ ಅಂದುಕೋ. ಸುಮ್ನೆ ಮಾತಾಡಿದ ಹಾಗೆ ಹೇಳು.’

ಸ್ವಲ್ಪ ತಡವರಿಸಿದಳು. ಆಮೇಲೆ ಹೇಳಿದಳು: ‘ಮುಂಚೆ ಒಬ್ಬರ ರಕ್ತ ಇನ್ನೊಬ್ಬರಿಗೆ ಕೊಟ್ಟಾಗ ಕೆಲವರು ಬದುಕ್ತಿದ್ರಂತೆ, ಕೆಲವರು ಸತ್ತೇ ಹೋಗ್ತಿದ್ರಂತೆ ಸರ್. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ.’

‘ಇದು ನಿನ್ನ ಸ್ಲೈಡಿನಲ್ಲಿ ಎಲ್ಲಿದೆ?’

‘ಏಳನೆಯದರಲ್ಲಿ. ಇತಿಹಾಸ ಅಂತ.’

ಮೊದಲ ಸ್ಲೈಡಿನಲ್ಲಿ ಏನಿತ್ತು ಗೊತ್ತಾ? ‘ಕೆಂಪು ರಕ್ತಕಣಗಳ ಮೇಲ್ಮೈಯಲ್ಲಿರುವ ಪ್ರತಿಜನಕಗಳ ಆಧಾರದ ಮೇಲೆ ಮಾಡಲಾಗುವ ವರ್ಗೀಕರಣವೇ ರಕ್ತದ ಗುಂಪು.’ ತಪ್ಪಿಲ್ಲದ ವಾಕ್ಯ. ಆದರೆ ನಾಲಿಗೆ ಒಣಗಿದ ಹೊತ್ತಿನಲ್ಲಿ ಅದನ್ನು ಹೇಳಿ ನೋಡಿ. ‘ಪ್ರತಿಜನಕಗಳ’ ಅನ್ನುವಲ್ಲೇ ನಾಲಿಗೆ ತೊಡರುತ್ತದೆ. ಕೇಳುವವರಿಗೂ ಅದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಕೆಲವರು ಬದುಕಿದರು, ಕೆಲವರು ಸತ್ತರು, ಯಾಕೆ ಅಂತ ಗೊತ್ತಿರಲಿಲ್ಲ ಅನ್ನುವುದನ್ನು ಯಾರು ಬೇಕಾದರೂ ಹೇಳಬಹುದು, ಯಾರು ಬೇಕಾದರೂ ಕೇಳುತ್ತಾರೆ.

ಏಳನೆಯದನ್ನು ಮೊದಲಿಗೆ ತಂದಳು. ಅಲ್ಲಿಂದ ಕಥೆ ತಾನಾಗಿ ಬಿಚ್ಚಿಕೊಂಡಿತು. ವಿಯೆನ್ನಾದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವೈದ್ಯರು ತಮ್ಮ ಮತ್ತು ಪ್ರಯೋಗಾಲಯದ ಜೊತೆಗಾರರ ರಕ್ತ ತೆಗೆದುಕೊಂಡರು. ಒಬ್ಬರ ರಕ್ತಕಣಕ್ಕೆ ಇನ್ನೊಬ್ಬರ ರಕ್ತದ ತಿಳಿಯನ್ನು ಬೆರೆಸಿ ನೋಡಿದರು. ಕೆಲವು ಜೋಡಿಗಳಲ್ಲಿ ಕಣಗಳು ಗಂಟುಕಟ್ಟಿದವು, ಕೆಲವದರಲ್ಲಿ ಇಲ್ಲ. 1901ರಲ್ಲಿ ಅವರು ಮೂರು ಗುಂಪುಗಳನ್ನು ವಿವರಿಸಿದರು. ಮರುವರ್ಷ ಎಬಿ ಗುಂಪು ಸಿಕ್ಕಿತು. 1930ರಲ್ಲಿ ನೊಬೆಲ್ ಬಂತು. ಈ ಕಥೆ ಹೇಳಲು ಚೀಟಿ ಬೇಕಾಗುವುದಿಲ್ಲ, ಯಾಕೆಂದರೆ ಒಂದು ಘಟನೆ ಮುಂದಿನದನ್ನು ತಾನೇ ಎಳೆದು ತರುತ್ತದೆ. ವ್ಯಾಖ್ಯಾನ, ವಿಧಗಳು, ಉಪಯೋಗಗಳು ಅಂತ ಜೋಡಿಸಿದ ಸ್ಲೈಡುಗಳಿಗೆ ಆ ಎಳೆತ ಇಲ್ಲ. ಮಧ್ಯೆ ಒಂದು ಮರೆತರೆ ಮುಂದಿನದೂ ಹೋಯಿತು.

ಅವಳು ಇನ್ನೊಂದು ಕೆಲಸ ಮಾಡಿದಳು. ಯಾರು ಯಾರಿಗೆ ರಕ್ತ ಕೊಡಬಹುದು ಅನ್ನುವ ಪಟ್ಟಿಯನ್ನು ಸ್ಲೈಡಿನಲ್ಲಿ ಹಾಕಲಿಲ್ಲ. ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ತಾನೇ ಮನೆಗಳನ್ನು ಎಳೆದು ತುಂಬಿದಳು. ನಡುಗುವ ಕೈಗೆ ಒಂದು ಕೆಲಸ ಸಿಕ್ಕಿತು. ಕ್ಲಾಸಿನ ಕಣ್ಣು ಅವಳ ಮುಖದಿಂದ ಬೋರ್ಡಿಗೆ ಹೋಯಿತು. ಒ ಸಾಲು ಬಂದಾಗ ಮುಂದಿನ ಬೆಂಚಿನಿಂದ ಒಬ್ಬ ಕೇಳಿದ: ‘ಒ ಯಾಕೆ ಎಲ್ಲರಿಗೂ ಆಗುತ್ತೆ?’ ಅವಳು ತಿರುಗಿ, ಸೀಮೆಸುಣ್ಣ ಕೈಯಲ್ಲೇ ಇಟ್ಟುಕೊಂಡು ಹೇಳಿದಳು: ‘ಒ ಕಣಗಳ ಮೇಲೆ ಎ ಗುರುತೂ ಇಲ್ಲ, ಬಿ ಗುರುತೂ ಇಲ್ಲ. ತೆಗೆದುಕೊಂಡವರ ದೇಹಕ್ಕೆ ಜಗಳ ಆಡೋಕೆ ಏನೂ ಸಿಗಲ್ಲ.’ ಆಮೇಲೆ ಪ್ಲಸ್, ಮೈನಸ್ ವಿಷಯ ಬೇರೆ ಇದೆ, ಅದು 1940ರಲ್ಲಿ ಗೊತ್ತಾಯಿತು ಅಂತ ತಾನೇ ಸೇರಿಸಿದಳು. ಶುರುವಿನ ವಾಕ್ಯಗಳಲ್ಲಿ ದನಿ ನಡುಗಿದ್ದು ನಿಜ. ಅಲ್ಲಿಗೆ ಬರುವಷ್ಟರಲ್ಲಿ ಅವಳು ತನ್ನನ್ನು ತಾನು ನೋಡಿಕೊಳ್ಳುವುದನ್ನು ಬಿಟ್ಟಿದ್ದಳು. ಎದುರಿಗಿದ್ದವನಿಗೆ ಅರ್ಥವಾಯಿತಾ ಅಂತ ನೋಡುತ್ತಿದ್ದಳು.

ಶುರುವಿನ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ಹೆದರಿಕೆ ಅತಿ ಹೆಚ್ಚು ಇರುವುದು ಮಾತು ಶುರುವಾಗುವ ಸ್ವಲ್ಪ ಮುಂಚೆ ಮತ್ತು ಮೊದಲ ಒಂದೆರಡು ನಿಮಿಷ. ಆಮೇಲೆ ಇಳಿಯುತ್ತಾ ಬರುತ್ತದೆ. ಆದ್ದರಿಂದ ಮೊದಲ ಮೂರು ನಾಲ್ಕು ವಾಕ್ಯಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುವಷ್ಟು ಬಾಯಿಪಾಠ ಮಾಡಿ. ಕೊನೆಯ ಒಂದೆರಡು ವಾಕ್ಯಗಳನ್ನೂ ಮಾಡಿ. ನಡುವಿನದನ್ನು ಮಾತ್ರ ಉರು ಹೊಡೆಯಬೇಡಿ. ಪೂರ್ತಿ ಉರು ಹೊಡೆದವರಿಗೆ ಒಂದು ಪದ ಕೈಕೊಟ್ಟರೆ ಮುಂದಿನದೆಲ್ಲ ನಿಂತುಹೋಗುತ್ತದೆ. ಅದಕ್ಕಿಂತ ಐದಾರು ಮುಖ್ಯ ಅಂಶಗಳನ್ನು ಒಂದು ಸಣ್ಣ ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ದೊಡ್ಡ ಹಾಳೆ ಬೇಡ. ಹಾಳೆ ಕೈಯ ನಡುಕವನ್ನು ದೊಡ್ಡದು ಮಾಡಿ ತೋರಿಸುತ್ತದೆ, ಗಟ್ಟಿ ಕಾರ್ಡು ತೋರಿಸುವುದಿಲ್ಲ.

ಸ್ಲೈಡುಗಳ ವಿಷಯ ಬೇಗ ಮುಗಿಸುತ್ತೇನೆ. ಪವರ್‌ಪಾಯಿಂಟ್ ಬಂದದ್ದು 1987ರಲ್ಲಿ. ಅದಕ್ಕೆ ಮುಂಚೆಯೂ ಜನ ಚೆನ್ನಾಗಿ ಪಾಠ ಮಾಡುತ್ತಿದ್ದರು. ರಿಚರ್ಡ್ ಮೇಯರ್ ಎಂಬ ಮನೋವಿಜ್ಞಾನಿ, ಚಿತ್ರ, ಮಾತು ಮತ್ತು ಬರಹ ಒಟ್ಟಿಗೆ ಬಂದಾಗ ಜನ ಹೇಗೆ ಕಲಿಯುತ್ತಾರೆ ಅಂತ ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಚಿತ್ರ ತೋರಿಸಿ ಬಾಯಲ್ಲಿ ವಿವರಿಸಿದರೆ ಚೆನ್ನಾಗಿ ತಲೆಗೆ ಹೋಗುತ್ತದೆ. ಅದೇ ಮಾತನ್ನು ಪರದೆಯ ಮೇಲೂ ಬರೆದು ಹಾಕಿದರೆ ಕಲಿಕೆ ಕಡಿಮೆಯಾಗುತ್ತದೆ. ಕಣ್ಣು ಒಂದು ಕಡೆ ಓದುತ್ತದೆ, ಕಿವಿ ಇನ್ನೊಂದು ಕಡೆ ಕೇಳುತ್ತದೆ, ಎರಡೂ ಕೆಡುತ್ತವೆ. ಸ್ಲೈಡಿನಲ್ಲಿ ಚಿತ್ರ, ಗ್ರಾಫ್ ಅಥವಾ ಒಂದು ಸಾಲು ಇರಲಿ. ಪ್ರೊಜೆಕ್ಟರ್ ಕೆಟ್ಟರೂ ಮಾತಾಡಬಲ್ಲಿರಾ ಅಂತ ಒಂದು ಸಲ ಮನೆಯಲ್ಲೇ ನೋಡಿಕೊಳ್ಳಿ.

ವಿಜ್ಞಾನಿ ಮೈಕೇಲ್ ಫ್ಯಾರಡೆಯ ಹೆಸರು ನಿಮಗೆಲ್ಲ ಗೊತ್ತು. ಅವರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು ಅನಿಸುತ್ತದೆ. ಕಮ್ಮಾರನ ಮಗ. ಹೆಚ್ಚು ಶಾಲೆ ಕಲಿತವರಲ್ಲ. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದರು. 1812ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿ, ನೋಟ್ಸ್ ಬರೆದು, ತಾವೇ ಬೈಂಡ್ ಮಾಡಿ ಡೇವಿಗೆ ಕಳಿಸಿದರು. ಮರುವರ್ಷ ಅಲ್ಲೇ ಸಹಾಯಕನ ಕೆಲಸ ಸಿಕ್ಕಿತು. ಆ ವರ್ಷವೇ ಬೆಂಜಮಿನ್ ಅಬಟ್ ಎಂಬ ಗೆಳೆಯನಿಗೆ ಉದ್ದುದ್ದ ಕಾಗದ ಬರೆದರು. ಅವುಗಳಲ್ಲಿ ಇದ್ದದ್ದು ಉಪನ್ಯಾಸ ಹೇಗಿರಬೇಕು ಅನ್ನುವ ವಿಚಾರ. ಸಭಾಂಗಣ ಹೇಗಿರಬೇಕು, ಮಾತಾಡುವವರು ಹೇಗೆ ನಿಲ್ಲಬೇಕು, ಎಷ್ಟು ಹೊತ್ತು ಮಾತಾಡಬೇಕು. ಆಗ ಅವರಿಗೆ ಇನ್ನೂ ಇಪ್ಪತ್ತೊಂದು ವರ್ಷ. ಬೇರೆಯವರ ಉಪನ್ಯಾಸಗಳನ್ನು ನೋಡಿ ನೋಡಿ ತೆಗೆದ ಪಾಠಗಳು ಅವು. ಮುಂದೆ ಮಾತುಗಾರಿಕೆ ಹೇಳಿಕೊಡುವವರ ಹತ್ತಿರ ಹೋಗಿ ಕಲಿತರು.

ಎಷ್ಟು ಕಲಿತರೂ ವೇಗವಾಗಿ ಮಾತಾಡಿಬಿಡುವ ಸ್ವಭಾವ ಅವರನ್ನು ಪೂರ್ತಿ ಬಿಡಲಿಲ್ಲ. ಅದಕ್ಕೆ ‘ನಿಧಾನ’ ಅಂತ ಬರೆದ ಒಂದು ಕಾರ್ಡನ್ನು ಕಣ್ಣಿಗೆ ಬೀಳುವ ಹಾಗೆ ಮುಂದೆ ಇಟ್ಟುಕೊಳ್ಳುತ್ತಿದ್ದರು. ಮಾತಿನ ಭರದಲ್ಲಿ ಮರೆತರೆ, ಅದನ್ನು ಮತ್ತೆ ಎದುರಿಗೆ ಇಡುವಂತೆ ಸಹಾಯಕನಿಗೆ ಹೇಳಿದ್ದರು. ‘ಸಮಯ’ ಅಂತ ಇನ್ನೊಂದು ಕಾರ್ಡೂ ಇತ್ತು. ಆ ಕಾಲದ ದೊಡ್ಡ ಉಪನ್ಯಾಸಕಾರರಲ್ಲಿ ಒಬ್ಬರು ಅನ್ನಿಸಿಕೊಂಡ ಮನುಷ್ಯ, ಇಷ್ಟು ಸಣ್ಣ ಉಪಾಯವನ್ನು ಎಲ್ಲರ ಎದುರು ಇಟ್ಟುಕೊಳ್ಳಲು ಸಂಕೋಚಪಡಲಿಲ್ಲ. ನೀವು ಮುಂದಿನ ಸಲ ಮಾತಾಡುವಾಗ ಮೊದಲ ಬೆಂಚಿನ ಗೆಳತಿಗೆ ಒಂದು ಕೆಲಸ ಕೊಡಿ. ವೇಗ ಜಾಸ್ತಿಯಾದರೆ ಅವಳು ಪೆನ್ನು ಎತ್ತಿ ಹಿಡಿಯಲಿ. ಸಾಕು.

ಅದೇ ಕಾಲದ ಚಾರ್ಲ್ಸ್ ವೀಟ್‌ಸ್ಟೋನ್, ನೀವು ಲ್ಯಾಬಿನಲ್ಲಿ ಬಳಸುವ ವೀಟ್‌ಸ್ಟೋನ್ ಬ್ರಿಡ್ಜ್‌ನವರು, ಸಭೆಯಲ್ಲಿ ಮಾತಾಡಲು ಬಹಳ ಅಂಜುತ್ತಿದ್ದರು. ಅವರ ಎಷ್ಟೋ ಸಂಶೋಧನೆಗಳನ್ನು ಜನರ ಮುಂದೆ ಇಟ್ಟವರು ಫ್ಯಾರಡೆ. ಸಭಾಕಂಪನಕ್ಕೂ ಬುದ್ಧಿಗೂ ಸಂಬಂಧ ಇಲ್ಲ ಅನ್ನಲು ಇಷ್ಟು ಸಾಕಲ್ವಾ?

ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿ. ಮೊದಲ ಸಲ ಕೇಳಿದಾಗ ‘ಅಯ್ಯೋ, ನನ್ನ ದನಿ ಇಷ್ಟು ಕೆಟ್ಟದಾಗಿದೆಯಾ’ ಅನಿಸುತ್ತದೆ. ಎಲ್ಲರಿಗೂ ಹಾಗೇ ಅನಿಸುತ್ತದೆ. ನಾವು ಮಾತಾಡುವಾಗ ನಮ್ಮ ದನಿ ತಲೆಬುರುಡೆಯ ಮೂಳೆಯ ಮೂಲಕವೂ ಕಿವಿಗೆ ಸೇರುತ್ತದೆ, ಹಾಗಾಗಿ ನಮಗೆ ಅದು ತುಂಬಿದ ದನಿಯಾಗಿ ಕೇಳಿಸುತ್ತದೆ. ರೆಕಾರ್ಡಿನಲ್ಲಿ ಆ ಭಾಗ ಇಲ್ಲ. ಬೇರೆಯವರು ದಿನಾ ಕೇಳುವುದು ಆ ರೆಕಾರ್ಡಿನ ದನಿಯನ್ನೇ. ಅವರು ಓಡಿಹೋಗಿಲ್ಲ. ದನಿಯನ್ನು ಬಿಟ್ಟು, ಎಲ್ಲಿ ಅವಸರ ಮಾಡಿದಿರಿ, ಎಲ್ಲಿ ವಾಕ್ಯದ ಕೊನೆ ನುಂಗಿದಿರಿ ಅಂತ ಕೇಳಿ. ಸಮಯ ಲೆಕ್ಕ ಹಾಕಲು ಗಡಿಯಾರ ಇಟ್ಟುಕೊಳ್ಳಿ. ನಿಮಿಷಕ್ಕೆ 150 ಪದ ಅನ್ನುವ ಲೆಕ್ಕ ಇಂಗ್ಲಿಷಿನದು. ಕನ್ನಡದ ಒಂದೊಂದು ಪದವೂ ಉದ್ದ, ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಉಸಿರಿನ ವಿಷಯ. ಎದ್ದು ಹೋಗುವ ಮುಂಚೆ ಉಸಿರನ್ನು ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದನ್ನು ಉದ್ದ ಮಾಡಿ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ. ನಾಲ್ಕೈದು ಸಲ ಸಾಕು. ಬೋರ್ಡಿನ ಹತ್ತಿರ ಹೋಗಿ ನಿಂತ ಮೇಲೆ ತಕ್ಷಣ ಶುರು ಮಾಡಬೇಡಿ. ಕಾಲು ಊರಿ, ಒಬ್ಬರ ಮುಖ ನೋಡಿ, ಆಮೇಲೆ ಬಾಯಿ ತೆರೆಯಿರಿ. ಆ ಎರಡು ಮೂರು ಸೆಕೆಂಡು ನಿಮಗೆ ಯುಗದ ಹಾಗೆ ಅನಿಸುತ್ತದೆ, ಕೂತವರಿಗೆ ಏನೂ ಅನಿಸುವುದಿಲ್ಲ.

ಅಧ್ಯಾಪಕರಿಗೂ ಒಂದು ವಿನಂತಿ. ಟ್ರಿಯರ್‌ನ ಸಮಿತಿಯವರು ಮುಖ ಬಿಗಿದು ಕೂತದ್ದು ಒತ್ತಡ ಹುಟ್ಟಿಸುವುದಕ್ಕೆ. ನಾವು ಎಷ್ಟೋ ಸಲ ಗೊತ್ತಿಲ್ಲದೆ ಅದನ್ನೇ ಮಾಡುತ್ತೇವೆ. ಮಾರ್ಕ್ಸ್ ಹಾಳೆ ಮುಂದಿಟ್ಟು, ತಲೆ ಎತ್ತದೆ ಬರೆಯುತ್ತಾ ಕೂರುತ್ತೇವೆ. ಒಂದು ಸಲ ತಲೆ ಆಡಿಸಿದರೆ ಆ ಮಗುವಿಗೆ ಎಷ್ಟು ಧೈರ್ಯ ಬರುತ್ತದೆ! ಇಡೀ ವರ್ಷ ಯಾರನ್ನೂ ಮಾತಾಡಿಸದೆ, ಕೊನೆಗೆ ಒಮ್ಮೆಲೇ ಹದಿನೈದು ನಿಮಿಷದ ಸೆಮಿನಾರ್ ಕೊಟ್ಟು ಮಾರ್ಕ್ಸ್ ಹಾಕುವುದು ನ್ಯಾಯವಲ್ಲ. ವಾರಕ್ಕೊಮ್ಮೆ ಒಂದು ನಿಮಿಷ, ಮಾರ್ಕ್ಸ್ ಇಲ್ಲದೆ, ಕೂತಲ್ಲಿಂದಲೇ ಎದ್ದು ಮಾತಾಡಲು ಬಿಡಿ. ಆಮೇಲೆ ಬೋರ್ಡಿನ ಹತ್ತಿರ ಎರಡು ನಿಮಿಷ. ಹೀಗೆ ಏರಿಸುತ್ತಾ ಹೋಗಿ. ಮುಗಿದ ಮೇಲೆ ‘ಚೆನ್ನಾಗಿತ್ತು’ ಅಂತಷ್ಟೇ ಹೇಳಿ ಕಳಿಸಬೇಡಿ. ‘ಎರಡನೆಯ ಉದಾಹರಣೆ ಸ್ಪಷ್ಟವಾಗಿತ್ತು, ಗ್ರಾಫ್ ತೋರಿಸುವಾಗ ಅಕ್ಷಗಳು ಏನು ಅಂತ ಹೇಳಲಿಲ್ಲ’ ಅಂತ ಹೇಳಿ. ಮುಂದಿನ ಸಲ ತಿದ್ದಿಕೊಳ್ಳಲು ಏನಾದರೂ ಕೈಗೆ ಸಿಗಬೇಕಲ್ಲ.

ಪ್ರಶ್ನೆಗಳು

ಒಬ್ಬ ವಿದ್ಯಾರ್ಥಿ: ಮಧ್ಯದಲ್ಲಿ ತಲೆ ಪೂರ್ತಿ ಖಾಲಿ ಆದರೆ ಏನು ಮಾಡಬೇಕು ಸರ್?

ಕೊನೆಗೆ ಹೇಳಿದ ವಾಕ್ಯವನ್ನು ಇನ್ನೊಂದು ಸಲ ಬೇರೆ ಮಾತಿನಲ್ಲಿ ಹೇಳಿ. ‘ಅಂದರೆ ಇಲ್ಲಿಯವರೆಗೆ ನಾವು ನೋಡಿದ್ದು ಇದು’ ಅನ್ನಿ. ಕೇಳುವವರಿಗೆ ಅದು ಪುನರಾವರ್ತನೆ, ನಿಮಗೆ ಉಸಿರಾಡಲು ಸಮಯ. ಆಮೇಲೂ ಬರದಿದ್ದರೆ ಕಾರ್ಡ್ ನೋಡಿ. ಕದ್ದು ನೋಡಬೇಡಿ, ಆರಾಮಾಗಿ ನೋಡಿ.

ಇನ್ನೊಬ್ಬರು: ಗೊತ್ತಿಲ್ಲದ ಪ್ರಶ್ನೆ ಕೇಳಿಬಿಟ್ಟರೆ?

‘ಇದು ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ’ ಅನ್ನಿ. ಮುಂದಿನ ಕ್ಲಾಸಿಗೆ ನಿಜವಾಗಿ ನೋಡಿಕೊಂಡು ಬನ್ನಿ. ಬಾಯಿಗೆ ಬಂದದ್ದು ಹೇಳಿದರೆ ಅದುವರೆಗೆ ಸರಿಯಾಗಿ ಹೇಳಿದ್ದರ ಮೇಲೂ ಅನುಮಾನ ಬರುತ್ತದೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಯಾರನ್ನಾದರೂ ಕೂರಿಸಿಕೊಂಡು, ಬೇಕಂತಲೇ ಅಡ್ಡ ಪ್ರಶ್ನೆ ಕೇಳಿಸಿಕೊಳ್ಳಿ. ಅರ್ಧಕ್ಕರ್ಧ ಪ್ರಶ್ನೆಗಳು ಅಲ್ಲೇ ಬಂದುಬಿಡುತ್ತವೆ.

ಒಬ್ಬ ವಿದ್ಯಾರ್ಥಿನಿ: ನನ್ನದಲ್ಲದ ಭಾಷೆಯಲ್ಲಿ ಮಾತಾಡಬೇಕು. ಹೆದರಿಕೆ ಅಲ್ಲೇ ಶುರುವಾಗುತ್ತದೆ.

ಮೊದಲು ನಿಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿ. ಅಲ್ಲಿ ತಡವರಿಸಿದರೆ ತೊಂದರೆ ವಿಷಯದ್ದು, ಭಾಷೆಯದ್ದಲ್ಲ. ಅಲ್ಲಿ ಸಲೀಸಾದ ಮೇಲೆ ಆ ಭಾಷೆಯಲ್ಲಿ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳಿ. ದೊಡ್ಡ ಪದ ಬೇಡ. ನಿಮಗೆ ಉಚ್ಚಾರ ಕಷ್ಟ ಅನಿಸುವ ಐದಾರು ಪದಗಳನ್ನು ಮಾತ್ರ ಬೇರೆಯಾಗಿ ಬರೆದುಕೊಂಡು ಅವನ್ನೇ ತಿದ್ದಿಕೊಳ್ಳಿ.

ಒಬ್ಬ ವಿದ್ಯಾರ್ಥಿ: ನಾನು ಹುಟ್ಟಿನಿಂದಲೇ ಮೌನಿ. ನನ್ನಂಥವರು ಬದಲಾಗಬೇಕಾ?

ಬದಲಾಗಬೇಕಿಲ್ಲ. ಗಾಂಧೀಜಿ ಲಂಡನ್ನಿನಲ್ಲಿ ಓದುತ್ತಿದ್ದಾಗ ಸಸ್ಯಾಹಾರಿಗಳ ಸಂಘದ ಸಮಿತಿಯಲ್ಲಿದ್ದರು. ಸಭೆಗಳಲ್ಲಿ ಬಾಯಿ ಬಿಡುತ್ತಿರಲಿಲ್ಲ. ಒಮ್ಮೆ ತಮ್ಮ ಅಭಿಪ್ರಾಯವನ್ನು ಬರೆದುಕೊಂಡು ಹೋದರು, ಓದಲೂ ಆಗಲಿಲ್ಲ, ಬೇರೆಯವರು ಓದಿದರು. ವಕೀಲರಾಗಿ ಮೊದಲ ಮೊಕದ್ದಮೆಯಲ್ಲಿ ಎದ್ದು ನಿಂತವರು ಒಂದು ಪ್ರಶ್ನೆ ಕೇಳಲೂ ಆಗದೆ ಕೂತುಬಿಟ್ಟರು. ಆ ಸಂಕೋಚದಿಂದಲೇ ಮಾತನ್ನು ಅಳೆದು ತೂಗಿ ಆಡುವುದನ್ನು ಕಲಿತೆ ಅಂತ ಅವರೇ ಮುಂದೆ ಬರೆದಿದ್ದಾರೆ. ನೀವೂ ಕಡಿಮೆ ಮಾತಾಡಿ, ತೂಕದ ಮಾತಾಡಿ. ಆ ಕಡಿಮೆ ಮಾತು ಕೊನೆಯ ಬೆಂಚಿಗೂ ಕೇಳಿಸಬೇಕು, ಅಷ್ಟೇ.

ಒಬ್ಬ ತಾಯಿ: ನನ್ನ ಮಗಳು ಸೆಮಿನಾರ್ ಇದ್ದರೆ ಆ ದಿನ ಕಾಲೇಜಿಗೇ ಹೋಗುವುದಿಲ್ಲ. ವಾರದ ಮುಂಚಿನಿಂದ ನಿದ್ದೆ ಇಲ್ಲ, ಊಟ ಸೇರುವುದಿಲ್ಲ.

ನಾನು ಇವತ್ತು ಹೇಳಿದ್ದು ಸಾಮಾನ್ಯ ಹೆದರಿಕೆಗೆ. ನೀವು ಹೇಳುತ್ತಿರುವುದು ಅದಕ್ಕಿಂತ ಜಾಸ್ತಿಯದು ಅನಿಸುತ್ತದೆ ತಾಯಿ. ಜನರ ಮುಂದೆ ಬರುವ ಭಯ ಕೆಲವರಲ್ಲಿ ಚಿಕಿತ್ಸೆ ಬೇಕಾದಷ್ಟು ಬಲವಾಗಿರುತ್ತದೆ. ಹೆಚ್ಚಾಗಿ ಹದಿಹರೆಯದಲ್ಲೇ ಶುರುವಾಗುತ್ತದೆ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಮನೋವೈದ್ಯರು ಅಥವಾ ಆಪ್ತಸಮಾಲೋಚಕರು ಮೊದಲು ಒಬ್ಬರ ಮುಂದೆ, ಆಮೇಲೆ ಇಬ್ಬರ ಮುಂದೆ, ಹೀಗೆ ಹಂತ ಹಂತವಾಗಿ ಅಭ್ಯಾಸ ಮಾಡಿಸುತ್ತಾರೆ. ಹೆದರಿಸುವ ಯೋಚನೆಗಳನ್ನು ಪರೀಕ್ಷಿಸಿ ನೋಡುವುದನ್ನು ಕಲಿಸುತ್ತಾರೆ. ಯಾರೋ ಹೇಳಿದರು ಅಂತ ಮಾತ್ರೆ ತೆಗೆದುಕೊಳ್ಳುವುದು ಬೇಡ, ಅದು ವೈದ್ಯರ ಕೆಲಸ. ಸದ್ಯಕ್ಕೆ ಅವಳ ಅಧ್ಯಾಪಕರ ಹತ್ತಿರ ನೀವೇ ಹೋಗಿ ಮಾತಾಡಿ. ಮುಂದಿನ ಸೆಮಿನಾರ್ ಅನ್ನು ಕ್ಲಾಸಿನ ಬದಲು ಸ್ಟಾಫ್ ರೂಮಿನಲ್ಲಿ, ಅವಳ ಇಬ್ಬರು ಗೆಳತಿಯರ ಎದುರು ಮಾಡಲು ಬಿಡಿ ಅಂತ ಕೇಳಿ. ನಾನು ಆ ಅಧ್ಯಾಪಕನಾಗಿದ್ದರೆ ಖಂಡಿತ ಒಪ್ಪುತ್ತಿದ್ದೆ.